ಗ್ರೆಗರಿ ಸರ್ ಮೂಗೂ ನನ್ನ ಐದು ಗೆರೆಗಳೂ

ಯೋಚನೆ ಮಾಡದೆ ನಾನು ಯಾವ ಕೆಲಸಕ್ಕೂ ಕೈಹಾಕುವವಳಲ್ಲ. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚದ ಮೇಲೆದ್ದ ಗುಡ್ಡವನ್ನು ಚೂರಿಯ ಬೆನ್ನಿನಿಂದ ಸವರಿ ಸಮ ಮಾಡಿಯೇ ಹಾಕುತ್ತೇನೆ. "ನಿನ್ನ ಕೈಯ ಚಹಾ ಕುಡಿಯುದೆಂದರೆ ಪರೀಕ್ಷೆಗೆ ಕೂತ ಹಾಗೆ ಮಾರಾಯ್ತಿ" ಎಂದು ಅಮ್ಮ ಹೇಳುವುದುಂಟು. ಫಾರ್ಮಸಿಯಲ್ಲಿ ಪದವಿ ಪಡೆದವಳಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕೇ?

ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದನ್ನು ಓದಿ ನನ್ನನ್ನು ಅವಸರದ ಹೆಂಗಸು ಎಂದು ಯಾರೂ ತಿಳಿಯಬಾರದು. ನಡೆದದ್ದೆಲ್ಲ ಬಹಳ ಯೋಚಿಸಿಯೇ ನಡೆದದ್ದು!

ಮಂಗಳೂರಿನ ಒಂದು ಆಸ್ಪತ್ರೆಯ ಔಷಧಾಲಯದಲ್ಲಿ ನಾನು ಸಹಾಯಕ ಫಾರ್ಮಸಿಸ್ಟ್. ಆಸ್ಪತ್ರೆಯ ಹೆಸರು ಬೇಡ. ನನ್ನ ಸಂಬಳ ಈಗಲೂ ಅಲ್ಲಿಂದಲೇ ಬರುತ್ತದೆ. ಮುಖ್ಯ ಫಾರ್ಮಸಿಸ್ಟ್ ಗ್ರೆಗರಿ ಸರ್. ಅವರ ಹತ್ತಿರ ಎರಡು ಅಮೂಲ್ಯ ವಸ್ತುಗಳಿದ್ದವು. ಒಂದು, ಕೌಂಟರಿನ ಹಿಂದಿದ್ದ ತಿರುಗುವ ಕುರ್ಚಿ. ಇಡೀ ಔಷಧಾಲಯದಲ್ಲಿ ಬೆನ್ನಿಗೆ ಮೆತ್ತೆ ಇದ್ದದ್ದು ಅದೊಂದಕ್ಕೇ. ನನಗಿದ್ದದ್ದು ಮರದ ಸ್ಟೂಲು. ಎರಡನೆಯದು ಅವರ ಮೂಗು.

ಮೂಗಿನ ಸಂಗತಿ ಸ್ವಲ್ಪ ವಿವರಿಸಬೇಕು. ಆ ಕಾಲಕ್ಕೆ ಕೆಮ್ಮಿಗೂ ಹೊಟ್ಟೆ ಉಬ್ಬರಕ್ಕೂ ಮಿಕ್ಸ್ಚರನ್ನು ನಾವೇ ದೊಡ್ಡ ಭರಣಿಗಳಲ್ಲಿ ತಯಾರಿಸುತ್ತಿದ್ದೆವು. ರೋಗಿಗಳು ಮನೆಯಿಂದ ಕುಪ್ಪಿ ತರುತ್ತಿದ್ದರು. ನಾವು ತುಂಬಿಸಿ, ಚೀಟಿ ಅಂಟಿಸಿ ಕೊಡುತ್ತಿದ್ದೆವು. ನಮ್ಮ ಊರಿನ ಸೆಕೆಗೆ ಮನುಷ್ಯರೇ ಕರಗುತ್ತಾರೆ, ಅಂಟು ಎಷ್ಟು ದಿನ ನಿಂತೀತು? ಚೀಟಿ ಬೀಳುತ್ತಿತ್ತು. ಮುಂದಿನ ವಾರ ರೋಗಿ ಬೋಳು ಕುಪ್ಪಿ ಹಿಡಿದು ಬಂದು, "ಇದೇ ಮದ್ದು ಇನ್ನೊಮ್ಮೆ ಕೊಡಿ" ಎನ್ನುತ್ತಿದ್ದ. ಯಾವುದು "ಇದು"? ಎರಡೂ ಮಿಕ್ಸ್ಚರಿನ ಬಣ್ಣ ಒಂದೇ, ಕಡುಗೆಂಪು. ಆಗ ಗ್ರೆಗರಿ ಸರ್ ಬಿರಡೆ ತೆಗೆದು ಒಂದು ಸಲ ಮೂಸಿ, "ಕೆಮ್ಮಿನದ್ದು" ಅಥವಾ "ಹೊಟ್ಟೆಯದ್ದು" ಎಂದು ತೀರ್ಪು ಕೊಡುತ್ತಿದ್ದರು. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಆದರೆ ಆ ತಿಂಗಳ ಕೊನೆಗೆ ಗ್ರೆಗರಿ ಸರ್ ನಿವೃತ್ತರಾಗುವವರಿದ್ದರು. ಅವರ ಜೊತೆಗೆ ಮೂಗೂ ಹೊರಟುಹೋಗುತ್ತದೆ!

ಸೂಪರಿಂಟೆಂಡೆಂಟ್ ನನ್ನನ್ನು ಕರೆಸಿದರು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಆಕಾರದಲ್ಲಿಯೂ ಅದು ಸುಳ್ಳಲ್ಲ.

"ನೋಡು ವಾರಿಜಾ, ಗ್ರೆಗರಿಯ ಜಾಗಕ್ಕೆ ಹೊರಗಿನಿಂದ ಅನುಭವ ಇರುವ ಒಬ್ಬರನ್ನು ತರುವಾ ಅಂತ ಉಂಟು. ನೀನು ಚಿಕ್ಕವಳು. ಆದ್ರೆ ಗ್ರೆಗರಿಯ ಮೂಗಿಗೆ ಬದಲು ಎಂತಾದ್ರೂ ಏರ್ಪಾಡು ನಿನ್ನಿಂದ ಆಗ್ತದಾದ್ರೆ ಹೇಳು. ಆಗ ಕುರ್ಚಿ ನಿಂಗೇ."

"ಆಗ್ತದೆ ಸರ್" ಎಂದೆ.

ಹೇಗೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಮಾತು ಬೆಳೆಸುವುದು ನನ್ನ ಸ್ವಭಾವವಲ್ಲ. ಯಾರು ಏನು ಹೇಳಿದರೂ ಎರಡನೆಯ ಪ್ರಶ್ನೆ ಕೇಳುವವಳಲ್ಲ ನಾನು. ಇದೊಂದು ಸದ್ಗುಣ ಎಂದು ಆಗ ನಂಬಿದ್ದೆ.

ನನ್ನ ಧೈರ್ಯಕ್ಕೆ ಕಾರಣವಿತ್ತು. ಕೆಲವೇ ದಿನಗಳ ಹಿಂದೆ ಒಂದು ವಿದೇಶೀ ಪತ್ರಿಕೆಯಲ್ಲಿ ಬಾರ್‌ಕೋಡ್ ಎಂಬುದರ ಬಗ್ಗೆ ಓದಿದ್ದೆ. ಅಲ್ಲಿಯ ಅಂಗಡಿಗಳಲ್ಲಿ ಸಾಮಾನಿನ ಮೇಲೆ ಕಪ್ಪು ಗೆರೆಗಳನ್ನು ಅಚ್ಚು ಹಾಕುತ್ತಾರಂತೆ. ಕೆಲವು ದಪ್ಪ, ಕೆಲವು ಸಪೂರ. ಒಂದು ಯಂತ್ರ ಅದರ ಮೇಲೆ ಬೆಳಕು ಬಿಟ್ಟು, ಇದು ಸೋಪು, ಇದು ಬಿಸ್ಕೆಟು ಎಂದು ಓದುತ್ತದಂತೆ. ಮುಂದೆ ಆಸ್ಪತ್ರೆಗಳಲ್ಲಿ ಪ್ರತಿಯೊಂದು ಔಷಧಿಗೂ ಇಂಥ ಗುರುತು ಬರಲಿದೆ, ಹೆಸರನ್ನು ತಪ್ಪಾಗಿ ಓದುವ ಅಪಾಯವೇ ಇರುವುದಿಲ್ಲ ಎಂದು ಬರೆದಿದ್ದರು. ನಮ್ಮಲ್ಲಿ ಆ ಯಂತ್ರ ಇರಲಿಲ್ಲ ನಿಜ. ಇಲ್ಲದಿದ್ದರೆ ಏನು? ಐದು ಗೆರೆ ಓದಲು ಯಂತ್ರ ಬೇಕೇ? ನನಗೆ ಎರಡು ಕಣ್ಣುಗಳಿದ್ದವು, ಮೇಲೆ ಒಂದು ಕನ್ನಡಕವೂ ಇತ್ತು!

ಆ ಭಾನುವಾರ ಮನೆಯಲ್ಲಿ ಕುಳಿತು ಕೋಡ್ ರಚಿಸಿದೆ. ದಪ್ಪ, ಸಪೂರ, ಸಪೂರ, ದಪ್ಪ, ಸಪೂರ ಎಂದರೆ ಕೆಮ್ಮು. ಸಪೂರ, ದಪ್ಪ, ಸಪೂರ, ಸಪೂರ, ದಪ್ಪ ಎಂದರೆ ಹೊಟ್ಟೆ. ನಡುವಿನ ಜಾಗವೂ ಬೇರೆ ಬೇರೆ, ಒಂದು ಕಡೆ ಇರುಕು, ಒಂದು ಕಡೆ ಅಗಲ. ಪತ್ರಿಕೆಯಲ್ಲಿ ಹಾಗೆಯೇ ಇತ್ತು.

ಸೋಮವಾರ ಹಂಪನಕಟ್ಟೆಯಲ್ಲಿ ರಬ್ಬರ್ ಸ್ಟಾಂಪ್ ಮಾಡುವವರ ಹತ್ತಿರ ಹೋದೆ. ಅವರು ನನ್ನ ನಕ್ಷೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಹೆಸರು ಎಲ್ಲುಂಟು?"

"ಹೆಸರು ಇಲ್ಲ. ಗೆರೆ ಮಾತ್ರ."

"ಬಾಚಣಿಗೆಯ ಕಂಪೆನಿಯಾ?"

"ಔಷಧಿಯದ್ದು."

"ಔಷಧಿಗೆ ಹೆಸರು ಬೇಡ್ವಾ?"

"ಗೆರೆಯೇ ಹೆಸರು."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಸರಿ. ಕಲಿತವರು ಹೇಳುವಾಗ ಎಂತಾದ್ರೂ ಇರ್ಬೇಕು."

ನನ್ನ ಸುಧಾರಣೆ ಅಲ್ಲಿಗೆ ನಿಲ್ಲಲಿಲ್ಲ. ಆಗ ಮಿಕ್ಸ್ಚರ್ ಕುಪ್ಪಿಯ ಬೆನ್ನಿಗೆ ಉದ್ದಕ್ಕೆ ಒಂದು ಕಾಗದದ ಪಟ್ಟಿ ಅಂಟಿಸುವ ಹಳೆಯ ಕ್ರಮವಿತ್ತು. ಅಂಚನ್ನು ಕತ್ತರಿಯಿಂದ ಹಲ್ಲು ಹಲ್ಲಾಗಿ ಕತ್ತರಿಸಿದ ಪಟ್ಟಿ. ಮದ್ದು ಒಂದು ಹಲ್ಲಿನಷ್ಟು ಇಳಿಯುವವರೆಗೆ ಕುಡಿದರೆ ಒಂದು ಹೊತ್ತಿನದ್ದು ಮುಗಿಯಿತು. ಎಂಥ ಅವೈಜ್ಞಾನಿಕ ಪದ್ಧತಿ! ಒಂದು ಹಲ್ಲು ಸಣ್ಣದು, ಒಂದು ಹಲ್ಲು ದೊಡ್ಡದು. ಸಕ್ಕರೆಯ ಗುಡ್ಡವನ್ನೇ ಸಹಿಸದ ನಾನು ಇದನ್ನು ಸಹಿಸಲೇ? ಹಲ್ಲಿನ ಪಟ್ಟಿಯನ್ನು ರದ್ದು ಮಾಡಿದೆ. ಚೀಟಿಯಲ್ಲಿ "ಎರಡು ಚಮಚ, ಮೂರು ಹೊತ್ತು" ಎಂದು ಸ್ಪಷ್ಟವಾಗಿ ಬರೆದೆ. ಖಾಲಿಯಾದ ಬೆನ್ನಿನ ಜಾಗ ನನ್ನ ಕೋಡಿಗೆ ಸಿಕ್ಕಿತು.

ಮೊದಲು ಗೆರೆಗಳು ನೆಟ್ಟಗೆ ನಿಲ್ಲುವ ಹಾಗೆ ಪಟ್ಟಿಯನ್ನು ಕುಪ್ಪಿಯ ಸುತ್ತ ಅಡ್ಡಕ್ಕೆ ಅಂಟಿಸಿದೆ. ಪತ್ರಿಕೆಯ ಚಿತ್ರದಲ್ಲಿ ಹಾಗಿತ್ತು. ಆದರೆ ಕುಪ್ಪಿ ಉರುಟು. ಮೂರು ಗೆರೆ ಮುಂದೆ ಕಂಡರೆ ಎರಡು ಗೆರೆ ಹಿಂದೆ ಅಡಗಿಕೊಂಡವು. ಅರ್ಧ ಗಂಟೆ ಯೋಚಿಸಿದೆ. ಆಮೇಲೆ ಪಟ್ಟಿಯನ್ನು ಕಾಲು ಸುತ್ತು ತಿರುಗಿಸಿ ಉದ್ದಕ್ಕೆ ಅಂಟಿಸಿದೆ. ಐದು ಗೆರೆಗಳೂ ಒಂದರ ಕೆಳಗೆ ಒಂದು, ಒಂದೇ ನೋಟಕ್ಕೆ ಕಂಡವು! ಬರೀ ಕಾಲು ಸುತ್ತು. ಚಕ್ರ ಕಂಡುಹಿಡಿದವನಿಗೂ ಇಷ್ಟೇ ಸಂತೋಷ ಆಗಿರಬೇಕು.

ಗ್ರೆಗರಿ ಸರ್ ಕುಪ್ಪಿಯನ್ನು ಎತ್ತಿ ನೋಡಿದರು.

"ಇದೆಂತ ವಾರಿಜಾ, ಏಣಿಯಾ?"

"ಕೋಡ್ ಸರ್."

"ಕೋಡು ದನಕ್ಕೆ ಇರುದು ಮಾರಾಯ್ತಿ. ಕುಪ್ಪಿಗೂ ಬಂತಾ?"

ನಾನು ನಗಲಿಲ್ಲ. ಹೊಸತನ್ನು ಕಂಡಾಗ ಹಳಬರು ತಮಾಷೆ ಮಾಡುವುದು ಇತಿಹಾಸದಲ್ಲಿ ಇದ್ದದ್ದೇ. ಆದರೆ ಅವರು ಒಂದು ಉಪಕಾರ ಮಾಡಿದರು. ಬೇಕೆಂದೇ ಒಂದು ಪಟ್ಟಿಯನ್ನು ತಲೆಕೆಳಗಾಗಿ ಅಂಟಿಸಿ, "ಈಗ ಇದು ಯಾವುದು?" ಎಂದರು. ದಪ್ಪ, ಸಪೂರ, ಸಪೂರ... "ಕೆಮ್ಮು" ಎಂದೆ. ಅವರು ಬಿರಡೆ ತೆಗೆದು ಮೂಸಿದರು. "ಹೊಟ್ಟೆ."

ಎಲ್ಲಿಂದ ಓದಬೇಕು ಎಂಬ ಗುರುತು ಕೋಡಿನಲ್ಲಿ ಇರಲಿಲ್ಲ! ಸಣ್ಣ ಕೊರತೆ. ಅದೇ ಸಂಜೆ ಸರಿಪಡಿಸಿದೆ. ಪಟ್ಟಿಯ ಬದಿಯಲ್ಲಿ ಮೇಲಿನಿಂದ ಕೆಳಗೆ ಒಂದು ಬಾಣ ಹಾಕಿದೆ. ಅಚ್ಚುಕಟ್ಟು ಎಂದರೆ ಇದು ಎಂದು ನನಗೆ ನಾನೇ ಹೇಳಿಕೊಂಡೆ.

ದೊಡ್ಡ ಡಾಕ್ಟರು ಈ ಎರಡು ಮಿಕ್ಸ್ಚರಿಗೆ ಮಾತ್ರ ಪ್ರಯೋಗ ಮಾಡಲು ಒಪ್ಪಿದರು. "ಇವನ್ನು ಕುಡಿದ್ರೂ ಜನ ಬದುಕ್ತಾರೆ, ಕುಡಿಯದಿದ್ರೂ ಬದುಕ್ತಾರೆ" ಎಂದರು. ಮಕ್ಕಳ ಔಷಧಿ ಮುಟ್ಟಬಾರದು ಎಂದು ಷರತ್ತು ಹಾಕಿದರು. ಗ್ರೆಗರಿ ಸರ್ ಬೀಳ್ಕೊಡುಗೆಯ ದಿನ ಫಲಿತಾಂಶ.

ಪಟ್ಟಿ ಕಿತ್ತುಹೋಗಬಾರದಲ್ಲ? ಅದಕ್ಕಾಗಿ ಕುಪ್ಪಿ ಕೊಡುವಾಗ ಪ್ರತಿಯೊಬ್ಬರಿಗೂ ತಪ್ಪದೆ ಹೇಳುತ್ತಿದ್ದೆ: "ಈ ಗೆರೆಗಳನ್ನು ಜಾಗ್ರತೆ ನೋಡಿಕೊಳ್ಳಿ. ಮುಖ್ಯವಾದ್ದೆಲ್ಲ ಗೆರೆಯಲ್ಲಿಯೇ ಇರುವುದು."

ಎಲ್ಲರೂ ತಲೆಯಾಡಿಸಿದರು. ಒಬ್ಬರೂ, "ಗೆರೆ ಎಂದರೆ ಏನು?" ಎಂದು ಕೇಳಲಿಲ್ಲ. ನಮ್ಮ ಜನರ ಗ್ರಹಣಶಕ್ತಿಯ ಬಗ್ಗೆ ನನಗೆ ಹೆಮ್ಮೆಯಾಯಿತು.

ಫಲಿತಾಂಶವೋ, ಅದ್ಭುತ! ಚೀಟಿ ಬಿದ್ದುಹೋದ ಕುಪ್ಪಿಗಳು ಬರತೊಡಗಿದವು. ಪಟ್ಟಿ ಮಾತ್ರ ಗಟ್ಟಿಯಾಗಿತ್ತು, ನಾನು ಅದಕ್ಕೆ ಎರಡು ಪದರ ಅಂಟು ಹಾಕಿದ್ದೆ. ನಾನು ದೂರದಿಂದಲೇ ಗೆರೆ ನೋಡಿ "ಕೆಮ್ಮು" ಎನ್ನುತ್ತಿದ್ದೆ. ಗ್ರೆಗರಿ ಸರ್ ಮೂಸಿ "ಕೆಮ್ಮು" ಎನ್ನುತ್ತಿದ್ದರು. ಒಂದು ಸಲವೂ ತಪ್ಪಲಿಲ್ಲ. ಮೂಗಿಗೆ ಸರಿಸಮ! ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಆ ತಿರುಗುವ ಕುರ್ಚಿಯ ಮೆತ್ತೆಯನ್ನು ಎರಡು ಬೆರಳಿನಿಂದ ಒತ್ತಿ ನೋಡಿದೆ. ಕೂರಲಿಲ್ಲ. ಹಕ್ಕಿಲ್ಲದ ಜಾಗದಲ್ಲಿ ಕೂರುವುದು ನನಗೆ ಹಿಡಿಸದು.

ಒಂದು ವಿಚಿತ್ರ ಮಾತ್ರ ಕಣ್ಣಿಗೆ ಬಿತ್ತು. ಕುಪ್ಪಿಗಳು ವಾರ ತುಂಬುವ ಮೊದಲೇ ವಾಪಸು ಬರುತ್ತಿದ್ದವು. ನನ್ನ ವ್ಯವಸ್ಥೆಯಿಂದ ಜನರಿಗೆ ಔಷಧಿಯ ಮೇಲೆ ನಂಬಿಕೆ ಹೆಚ್ಚಿದೆ ಎಂದು ತೀರ್ಮಾನಿಸಿದೆ.

ಒಂದು ಬೆಳಿಗ್ಗೆ ಬೆಂಗ್ರೆಯ ಕಲ್ಯಾಣಿಯಕ್ಕ ಬಂದರು. ದೋಣಿಯಲ್ಲಿ ಹೊಳೆ ದಾಟಿ ಬಂದರಿಗೆ ಮೀನು ತರುವ ಹೆಂಗಸು. ಅವರ ಗಂಡನಿಗೆ ಕೆಮ್ಮು.

"ಮದ್ದು ಭಾರೀ ಒಳ್ಳೇದುಂಟು ಮೇಡಂ! ಬೆಳಿಗ್ಗೆ ಕುಡಿದು ನಮ್ಮವರು ದೋಣಿ ಹತ್ತಿದ್ರು. ದೋಣಿ ಈಚೆ ಬಂತು, ಅವರು ಏಳ್ಲಿಲ್ಲ. ದೋಣಿ ಆಚೆ ಹೋಯ್ತು, ಅವರೂ ಹೋದ್ರು. ಪುನಃ ಈಚೆ ಬಂತು, ಅವರೂ ಬಂದ್ರು. ದೋಣಿಯವ ಕಡೆಗೆ, 'ನಿನ್ನ ಗಂಡನನ್ನು ಕೊಂಡುಹೋಗು, ಇಲ್ಲಾದ್ರೆ ಮೀನಿನ ಒಟ್ಟಿಗೆ ಇಳಿಸ್ತೇನೆ' ಅಂದ!"

"ಕೆಮ್ಮು?"

"ನಿದ್ದೆಯಲ್ಲಿ ಯಾರು ಕೆಮ್ತಾರೆ? ಆದ್ರೂ ಮೇಡಂ, ಆ ಎರಡನೇ ಹೊತ್ತಿನದ್ದು ಸ್ವಲ್ಪ ಕಡಿಮೆ ಆಯ್ತು, ನಾಲಗೆಗೇ ಸಾಲುದಿಲ್ಲ."

ಎರಡನೇ ಹೊತ್ತಿನದ್ದು ಕಡಿಮೆ ಎಂದರೆ ಏನು ಎಂಬುದು ಯಾವ ಸಾಮಾನ್ಯ ಮನುಷ್ಯನಾದರೂ ಕೇಳಬೇಕಾದ ಪ್ರಶ್ನೆ. ಆದರೆ ಎರಡನೆಯ ಪ್ರಶ್ನೆ ನನ್ನ ಸ್ವಭಾವದಲ್ಲಿ ಇಲ್ಲವಲ್ಲ! "ವಿಶ್ರಾಂತಿ ಒಳ್ಳೆಯದು" ಎಂದು ಗಂಭೀರವಾಗಿ ಹೇಳಿ, ಕುಪ್ಪಿ ತುಂಬಿಸಿ ಕಳುಹಿಸಿದೆ.

ಗ್ರೆಗರಿ ಸರ್ ಹಣೆ ಉಜ್ಜಿಕೊಂಡರು. "ವಾರಿಜಾ, ಎರಡು ಚಮಚಕ್ಕೆ ಅಷ್ಟು ನಿದ್ದೆ ಬರ್ತದಾ?"

"ಅವರು ಆಯಾಸದಲ್ಲಿ ಇದ್ದಿರಬಹುದು ಸರ್."

ಬೀಳ್ಕೊಡುಗೆಯ ಹಿಂದಿನ ದಿನ ಬೆಳಿಗ್ಗೆ ದೊಡ್ಡ ಡಾಕ್ಟರಿಗೇ ಕೆಮ್ಮು ಹಿಡಿಯಿತು. ಅವರು ಸ್ವತಃ ಕೌಂಟರಿಗೆ ಬಂದರು. "ನಿನ್ನ ಹೊಸ ಏರ್ಪಾಡಿನ ಒಂದು ಕುಪ್ಪಿ ನಂಗೂ ಕೊಡು. ನೋಡುವಾ" ಎಂದರು. ಅದೃಷ್ಟ ಮನೆಬಾಗಿಲಿಗೆ ಬಂದು ಕೆಮ್ಮಿದ ಹಾಗಾಯಿತು! ಕುಪ್ಪಿಯನ್ನು ಬಟ್ಟೆಯಲ್ಲಿ ಒರೆಸಿ, ಪಟ್ಟಿಯನ್ನು ಅವರ ಕಡೆಗೆ ಮಾಡಿ ಹಿಡಿದೆ.

"ಗೆರೆ ನೋಡಿ ಸರ್. ಎಲ್ಲ ಗೆರೆಯಲ್ಲೇ ಉಂಟು."

ಅವರು ಗೆರೆಯನ್ನೂ ಬಾಣವನ್ನೂ ನೋಡಿ, "ಹ್ಞಾ! ಚಂದ ಉಂಟು. ಯಾರಿಗಾದ್ರೂ ಅರ್ಥ ಆಗ್ತದೆ" ಎಂದರು. ನನಗೆ ಆ ಕ್ಷಣದಲ್ಲಿ ನಿಜವಾಗಿಯೂ ಕೋಡು ಮೂಡಿತು. ಎರಡು!

ಬೀಳ್ಕೊಡುಗೆ ಮಧ್ಯಾಹ್ನದ ಊಟದ ನಂತರ. ನರ್ಸ್‌ಗಳು ಹಾರ, ಹಣ್ಣಿನ ಬುಟ್ಟಿ ತಂದಿದ್ದರು. ಗ್ರೆಗರಿ ಸರ್ ಮದುವೆಯ ಕೋಟು ಹಾಕಿಕೊಂಡು ಬಂದಿದ್ದರು. ಅದು ಯಾರ ಮದುವೆಯದ್ದೆಂದು ತಿಳಿಯದು, ಗುಂಡಿ ಹಾಕಲು ಆಗುತ್ತಿರಲಿಲ್ಲ. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಎರಡನೇ ಸಾಲಿನಲ್ಲಿ ಕುಳಿತಿದ್ದೆ. ಮೊದಲ ಸಾಲಿನಲ್ಲಿ ಕುಳಿತರೆ ಆಸೆ ಕಾಣಿಸುತ್ತದೆ.

ದೊಡ್ಡ ಡಾಕ್ಟರು ಎದ್ದು ನಿಂತರು. ಗ್ರೆಗರಿ ಸರ್ ಸೇವೆಯನ್ನು ಹೊಗಳಿದರು. ಮೂಗನ್ನು ಬೇರೆಯಾಗಿ ಹೊಗಳಿದರು. ಮಾತು ಸ್ವಲ್ಪ ನಿಧಾನವಾಯಿತು. "ಈಗ... ಗ್ರೆಗರಿಯವರ ಕುರ್ಚಿಗೆ ಯಾರು ಅಂತ... ನಾನು ನಿಶ್ಚಯ ಮಾಡಿದ್ದೇನೆ. ಮುಂದಿನ ಮುಖ್ಯ ಫಾರ್ಮಸಿಸ್ಟ್..." ಎಂದು ಕುಳಿತರು.

ನಾನು ಸೆರಗು ಸರಿಪಡಿಸಿಕೊಂಡೆ.

ದೊಡ್ಡ ಡಾಕ್ಟರ ಗದ್ದ ಮೆಲ್ಲ ಎದೆಗೆ ಇಳಿಯಿತು. ಸಭೆ ಕಾಯಿತು. ಅವರು ಯೋಚಿಸುತ್ತಿದ್ದಾರೆ ಎಂದುಕೊಂಡೆವು. ಆಮೇಲೆ ಅವರ ಯೋಚನೆ ಗೊರಗೊರ ಎಂದು ಕೇಳಿಸತೊಡಗಿತು!

"ಅಯ್ಯೋ ದೇವಾ! ಡಾಕ್ಟರಿಗೆ ಎಂತಾಯ್ತು?" ಎಂದು ಹೆಡ್ ನರ್ಸ್ ಸಿಸ್ಟರ್ ಐರಿನ್ ಓಡಿ ಹೋಗಿ ನಾಡಿ ಹಿಡಿದರು. ನಾಡಿ ಚೆನ್ನಾಗಿತ್ತು. ಗ್ರೆಗರಿ ಸರ್ ಮಾತ್ರ ಅವಸರ ಮಾಡಲಿಲ್ಲ. ಹತ್ತಿರ ಹೋಗಿ, ಬಗ್ಗಿ, ದೊಡ್ಡ ಡಾಕ್ಟರ ಬಾಯಿಯ ಬಳಿ ಒಮ್ಮೆ ಮೂಸಿದರು.

"ಕೆಮ್ಮಿನದ್ದು" ಎಂದರು ಗ್ರೆಗರಿ ಸರ್. ಇನ್ನೊಮ್ಮೆ ಮೂಸಿದರು. "ತುಂಬಾ."

ಅದು ಆ ಮೂಗಿನ ಕೊನೆಯ ತೀರ್ಪು.

ಕಪ್ಪು ಕಾಫಿ ಬಂತು. ಮುಖಕ್ಕೆ ನೀರು ಬಿತ್ತು. ದೊಡ್ಡ ಡಾಕ್ಟರು ಕಣ್ಣು ತೆರೆದು, ತಾನು ಎಲ್ಲಿದ್ದೇನೆ ಎಂದು ತಿಳಿದು, ಕೋಟಿನ ಕಿಸೆಯಿಂದ ನನ್ನ ಕುಪ್ಪಿಯನ್ನು ತೆಗೆದು ಮೇಜಿನ ಮೇಲಿಟ್ಟರು.

"ನಾನು ಹೆಚ್ಚು ಕುಡಿಯಲಿಲ್ಲ! ಸರಿಯಾಗಿ ಗೆರೆಯ ಪ್ರಕಾರವೇ ಕುಡಿದದ್ದು. ಬೇಕಾದ್ರೆ ನೋಡಿ."

ಎಲ್ಲರೂ ನೋಡಿದರು. ಮದ್ದು ಐದನೆಯ ಗೆರೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಿಂತಿತ್ತು. ಮೇಲಿನ ದಪ್ಪ ಗೆರೆಯಿಂದ ಸಪೂರ ಗೆರೆಗೆ ಹಿಂದಿನ ದಿನ ಮಧ್ಯಾಹ್ನದ್ದು. ಅಲ್ಲಿಂದ ಒತ್ತಾಗಿದ್ದ ಇನ್ನೊಂದು ಸಪೂರಕ್ಕೆ ರಾತ್ರಿಯದ್ದು, ನಾಲ್ಕು ಹನಿ. ಹೀಗೆ ಇಳಿಯುತ್ತ, ಆ ದಿನ ಊಟವಾದ ಮೇಲೆ ಅವರ ಪಾಲಿಗೆ ಬಂದದ್ದು ಕೋಡಿನ ಅತ್ಯಂತ ಅಗಲವಾದ ಜಾಗ! ಎಲ್ಲಿಂದ ಎಲ್ಲಿಗೆ ಇಳಿಯಬೇಕು ಎಂದು ತೋರಿಸಲು ನಾನೇ ಬಾಣ ಬೇರೆ ಹಾಕಿಕೊಟ್ಟಿದ್ದೆ.

"ಹೌದಲ್ಲ, ವಾರ್ಡಿನಲ್ಲಿ ನಾವೂ ಹಾಗೇ ಕೊಡುದು!" ಎಂದರು ಸಿಸ್ಟರ್ ಐರಿನ್. "ಅದಕ್ಕೇ ಮೊನ್ನೆಯಿಂದ ವಾರ್ಡು ಇಷ್ಟು ಶಾಂತಿ."

ಹುಟ್ಟಿದಂದಿನಿಂದ ಕುಪ್ಪಿಯ ಬೆನ್ನಿನ ಪಟ್ಟಿ ನೋಡಿಯೇ ಮದ್ದು ಕುಡಿದ ಊರು ಇದು. ಇಲ್ಲಿ ಕುಪ್ಪಿಯ ಬೆನ್ನಿಗೆ ಅಡ್ಡಗೆರೆ ಎಳೆದರೆ ಅದನ್ನು ಯಾರೂ ಓದುವುದಿಲ್ಲ, ಕುಡಿಯುತ್ತಾರೆ! ಚೀಟಿಯಲ್ಲಿ ನಾನು ಬರೆದ ಚಮಚಗಳ ಕಡೆ ಒಬ್ಬರೂ ಕಣ್ಣು ಹಾಯಿಸಿರಲಿಲ್ಲ. ಅಥವಾ ಹಾಯಿಸಿ, ಮುಖ್ಯವಾದ್ದೆಲ್ಲ ಗೆರೆಯಲ್ಲಿದೆ ಎಂದು ಫಾರ್ಮಸಿಯ ಮೇಡಮ್ಮೇ ಹೇಳಿದ್ದು ನೆನಪಾಗಿ ಬಿಟ್ಟಿದ್ದರು.

ಮುಂದಿನ ಮುಖ್ಯ ಫಾರ್ಮಸಿಸ್ಟ್ ಯಾರು ಎಂದು ಆ ದಿನ ಯಾರೂ ಕೇಳಲಿಲ್ಲ. ನಾನಂತೂ ಕೇಳುವವಳೇ ಅಲ್ಲ.

ಸಂಜೆ ಮನೆಯಲ್ಲಿ ಅಮ್ಮನಿಗೆ ಮಾತ್ರ ಹೇಳಿದೆ. ಅಮ್ಮ ಒಳಗೆ ಹೋಗಿ, ನಾನು ಹಿಂದಿನ ವಾರ ತಂದುಕೊಟ್ಟಿದ್ದ ಹೊಟ್ಟೆಯ ಮಿಕ್ಸ್ಚರಿನ ಕುಪ್ಪಿ ತಂದರು. ಅದು ಮೂರನೇ ಗೆರೆಯಲ್ಲಿ ನಿಂತಿತ್ತು.

"ಅಮ್ಮ, ನೀವೂ?"

"ಮತ್ತೆ ಗೆರೆ ಇರುದು ಎಂತಕೆ? ನೋಡ್ಲಿಕ್ಕಾ?"

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಬಂದ ಪ್ರತಿ ಕುಪ್ಪಿಯ ಪಟ್ಟಿ ಕಿತ್ತೆ. ವಾರ್ಡುಗಳಿಗೆ ಹೋಗಿ ಅಲ್ಲಿಯದ್ದನ್ನೂ ಕಿತ್ತೆ. ಮತ್ತೆ ಬಾರದವರ ವಿಳಾಸ ಹುಡುಕಿ ಮನೆಗೆ ಮಾತು ಕಳುಹಿಸಿದೆ. ಎರಡು ಪದರ ಅಂಟು ಹಾಕಿದ್ದೆ ಎಂದು ಹೇಳಿದೆನಲ್ಲ, ನನ್ನ ಉಗುರುಗಳಿಗೆ ಅದು ಚೆನ್ನಾಗಿ ನೆನಪಿದೆ. ಪುಣ್ಯಕ್ಕೆ ಒಳ್ಳೆಯ ನಿದ್ದೆಗಿಂತ ದೊಡ್ಡ ಅನಾಹುತ ಯಾರಿಗೂ ಆಗಿರಲಿಲ್ಲ.

ಮಧ್ಯಾಹ್ನ ದೊಡ್ಡ ಡಾಕ್ಟರು ಕರೆಸಿದರು. ರಾಜೀನಾಮೆಯ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಹೋದೆ. ಎರಡೇ ವಾಕ್ಯ. ಎರಡೂ ಅಚ್ಚುಕಟ್ಟಾಗಿದ್ದವು.

"ಬಾಗಿಲು ಹಾಕು" ಎಂದರು. ಹಾಕಿದೆ.

"ನಿನ್ನನ್ನು ಬಿಟ್ಟು ಹೊರಗಿನಿಂದ ಒಬ್ಬರನ್ನು ತಂದೆ ಅಂತ ಇಟ್ಟುಕೋ. ಅವರು ಬಂದ ಕೂಡಲೇ ಎಂತ ಕೇಳ್ತಾರೆ? 'ಆ ಹುಡುಗಿಗೆ ಯಾಕೆ ಕೊಡ್ಲಿಲ್ಲ?' ಅಂತ ಕೇಳ್ತಾರೆ. ಕೋಡ್ ಅಂತ ಹೇಳ್ಬೇಕು. 'ಕೋಡಿಗೆ ಎಂತಾಯ್ತು?' ಅಂತ ಕೇಳ್ತಾರೆ. ಜನ ಅದನ್ನು ತಪ್ಪು ಓದಿದ್ರು ಅಂತ ಹೇಳ್ಬೇಕು. 'ಯಾರೆಲ್ಲ ಓದಿದ್ರು?' ಅಂತ ಕೇಳ್ತಾರೆ."

ಅವರು ಮುಂದಕ್ಕೆ ಬಾಗಿ ದನಿ ತಗ್ಗಿಸಿದರು.

"ನೀನು ಪ್ರಶ್ನೆ ಕೇಳುವವಳಲ್ಲ. ಕುರ್ಚಿಯಲ್ಲಿ ನೀನೇ ಕೂತ್ಕೋ."

ನಾನು ಕೇಳಲಿಲ್ಲ. ನಮಸ್ಕಾರ ಮಾಡಿ ಹೊರಗೆ ಬಂದೆ. ಕೋಡಿನಲ್ಲಿ ದೋಷವಿರಲಿಲ್ಲ ಎಂದು ಈಗಲೂ ಖಂಡಿತವಾಗಿ ಹೇಳುತ್ತೇನೆ. ಕಾಲು ಸುತ್ತು ಹೆಚ್ಚಾಗಿತ್ತು, ಅಷ್ಟೇ.

ಹೀಗೆ, ವಿದ್ಯೆಯಿಂದಲ್ಲ, ಸಂಶೋಧನೆಯಿಂದಲ್ಲ, ದೊಡ್ಡವರೊಬ್ಬರ ಗೊರಕೆಯ ಗುಟ್ಟು ಕಾಯುವ ನಂಬಿಗಸ್ತೆಯಾಗಿ ನಾನು ಮುಖ್ಯ ಫಾರ್ಮಸಿಸ್ಟ್ ಆದೆ! ಔಷಧಾಲಯಕ್ಕೆ ಬಂದು, ಕೌಂಟರಿನ ಹಿಂದೆ ಹೋಗಿ, ಎಷ್ಟೋ ದಿನಗಳಿಂದ ನೋಡುತ್ತಿದ್ದ ಆ ಕುರ್ಚಿಯಲ್ಲಿ ಬೆನ್ನು ನೇರ ಮಾಡಿ ಕುಳಿತೆ. ಯಾರೂ ಇಲ್ಲವೆಂದು ನೋಡಿಕೊಂಡು, ನೆಲಕ್ಕೆ ಕಾಲು ಒತ್ತಿ ಒಮ್ಮೆ ತಿರುಗಿದೆ.

ಕುರ್ಚಿ ಕಿರ್ರೆಂದು ಕಾಲು ಸುತ್ತು ತಿರುಗಿ ನಿಂತಿತು. ಮುಂದೆಯೂ ಹೋಗದು, ಹಿಂದೆಯೂ ಬಾರದು. ಸಮುದ್ರದ ಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿತ್ತು. ಗ್ರೆಗರಿ ಸರ್ ಇಷ್ಟು ವರ್ಷ ಅದನ್ನು ಯಾಕೆ ಒಮ್ಮೆಯೂ ತಿರುಗಿಸಲಿಲ್ಲ ಎಂದು ನನಗೆ ಆಗ ತಿಳಿಯಿತು. ಕೇಳಿದ್ದರೆ ಹೇಳುತ್ತಿದ್ದರು.

ಗೋಡೆಯ ಕಡೆಗೆ ಮುಖ ಮಾಡಿಕೊಂಡೇ ಕತ್ತರಿ ಎತ್ತಿ, ಕಾಗದದ ಪಟ್ಟಿಗೆ ಹಲ್ಲು ಕತ್ತರಿಸತೊಡಗಿದೆ. ಬೆನ್ನ ಹಿಂದೆ ಕೌಂಟರಿನ ಮೇಲೆ ಒಂದು ಕುಪ್ಪಿ ಟಕ್ಕೆಂದಿತು.

"ಎಂತ ಮೇಡಂ, ಆಚೆ ತಿರುಗಿ ಕೂತಿದ್ದೀರಿ?" ಕಲ್ಯಾಣಿಯಕ್ಕನ ದನಿ. "ಹಲ್ಲಿನ ಪಟ್ಟಿ ಬೇಡ ಮಾರಾಯ್ರೆ. ಆ ಏಣಿಯದ್ದೇ ಕೊಡಿ. ನಮ್ಮವರು ಕೆಳಗಿನ ಮೆಟ್ಟಿಲಿಗೆ ಕಾಯ್ತಾ ಇದ್ದಾರೆ!"